ಎಡದಂಡೆಯ ದೋಣಿ

“ಇದು ನಮ್ಮ ಹೊಳೆ ಅಲ್ಲ,” ಎಂದಳು ಹೆಂಡತಿ.

ಸುತ್ತಿದ್ದ ಹಳೆ ಪೇಪರು ಬಿಚ್ಚಿ, ಚಿತ್ರವನ್ನು ಮಂಚದೆದುರಿನ ಕುರ್ಚಿಗೆ ಒರಗಿಸಿ, ಒಂದು ಶಹಬ್ಬಾಸ್‌ಗಿರಿಗಾಗಿ ಕಾಯುತ್ತಿದ್ದ ಮುದುಕನ ಮುಖ ಸಣ್ಣದಾಯಿತು. ಇಂಗ್ಲೆಂಡಿನ ಯಾವುದೋ ನದಿದಂಡೆಯ ಚಿತ್ರವದು. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಕಿಚಕಿಚ ಎನ್ನುವಾಗೆಲ್ಲ ಅವನು ಅದನ್ನೇ ನೋಡುತ್ತ ಕೂರುತ್ತಿದ್ದ. ಗಂಡಸರು ತುಂಬಿದ ಆ ಅಂಗಡಿಗೆ ಹೆಂಡತಿ ಕಾಲಿಟ್ಟವಳಲ್ಲ. ಮನೆಗೆ ಬಂದವನೇ ಅವಳಿಗೆ ವರದಿ ಒಪ್ಪಿಸುತ್ತಿದ್ದ: ಎಡದಂಡೆಗೆ ಕಟ್ಟಿದ ದೋಣಿ, ನೀರಿಗೆ ಬಾಗಿದ ಮರ, ಬಲಕ್ಕೆ ಕಲ್ಲಿನ ಸೇತುವೆ, ಅದರಾಚೆ ಹೊಗೆ ಏಳುವ ಒಂಟಿ ಮನೆ. ನಿವೃತ್ತಿಯಾದ ಮೇಲೆ ಅಲ್ಲಿ ಹೋಗಿ ಕೂರೋಣ ಎಂದು ಇಬ್ಬರೂ ತಮಾಷೆ ಮಾಡುತ್ತಿದ್ದರು. ತಮಾಷೆ ಯಾವಾಗ ಆಸೆಯಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ನಿವೃತ್ತಿಯೇನೋ ಬಂತು, ಅದರ ಬೆನ್ನಿಗೇ ಅವಳು ಬಿದ್ದು ಸೊಂಟ ಮುರಿದುಕೊಂಡಳು. ಈಗ ಅವಳಿಗೆ ಮಂಚವೇ ಊರು.

ಕ್ಷೌರದವನು ಅಂಗಡಿ ಮುಚ್ಚುತ್ತಾನೆಂದು ಗೊತ್ತಾಗಿ, ಹಲ್ಲುಗಿಂಜಿ, ಕಾಡಿ ಬೇಡಿ, ಮುದುಕ ಚಿತ್ರವನ್ನು ಹೊತ್ತು ತಂದಿದ್ದ.

“ಸರಿಯಾಗಿ ನೋಡೇ. ಅದೇ ದೋಣಿ, ಅದೇ ಮರ.”

“ದೋಣಿ ಎಡಗಡೆ ಇರ್ಬೇಕಿತ್ತು. ಇಲ್ಲಿ ಎಲ್ಲಾ ಉಲ್ಟಾ. ಯಾರೋ ನಿಮಗೆ ಟೋಪಿ ಹಾಕಿದಾರೆ ಕಣ್ರೀ.”

ಹೇಳುತ್ತಲೇ ಮುಖ ತಿರುಗಿಸಿದಳು. ಅವಳಿಗೆ ಅಳು ಬಂದಿತ್ತು. ಕಾಲು ಸೋತ ಮೇಲೆ ಕಣ್ಣು ಮುಚ್ಚಿಕೊಂಡು ಅವಳು ಹೋಗಿ ಬರುತ್ತಿದ್ದ ಜಾಗ ಅದೊಂದೇ.

ಮುದುಕನಿಗೆ ನಿಧಾನವಾಗಿ ತಲೆಗೆ ಹತ್ತಿತು. ಅಂಗಡಿಯಲ್ಲಿ ಚಿತ್ರವಿದ್ದದ್ದು ಕುರ್ಚಿಯ ಹಿಂದಿನ ಗೋಡೆಯಲ್ಲಿ. ಅವನು ನೋಡುತ್ತಿದ್ದದ್ದು ಎದುರಿನ ಕನ್ನಡಿಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ಚಿತ್ರವನ್ನು ಕೈಗೆ ತೆಗೆದುಕೊಂಡಾಗಲೇ ತಿಳಿಯುತ್ತಿತ್ತು. ಇವನೋ ಜೀವಮಾನವಿಡೀ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು. ತಿರುಗಿಸಿ ಕೆತ್ತಿದ ಅಕ್ಷರಗಳನ್ನು ನೆಟ್ಟಗಿದ್ದಂತೆಯೇ ಓದಿ ಓದಿ, ಅವನ ಕಣ್ಣಿಗೆ ಎಡ ಬಲದ ಭೇದವೇ ಉಳಿದಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಹಣೆ ಚಚ್ಚಿಕೊಂಡ.

ಮಂಚದ ತಲೆಭಾಗದ ಗೋಡೆಯಲ್ಲಿದ್ದ ಗಡಿಯಾರ ಇಳಿಸಿ, ಅದರ ಮೊಳೆಗೆ ಚಿತ್ರ ತೂಗುಹಾಕಿದ. ಬಚ್ಚಲಿನ ಕನ್ನಡಿಯನ್ನು ತಂದು ಎದುರಿನ ಕುರ್ಚಿಯ ಮೇಲಿಟ್ಟ. ದಿಂಬು ಕೊಟ್ಟು ಹೆಂಡತಿಯನ್ನು ಎಬ್ಬಿಸಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ನೋಡು ಎಂದ.

ದೋಣಿ ಎಡದಂಡೆಗೆ ಬಂದಿತ್ತು. ಸೇತುವೆ ಬಲಕ್ಕೆ ಸರಿದಿತ್ತು. ಅವಳು ಬೆರಳು ತೋರಿಸಿ ಒಂದೊಂದನ್ನೇ ಗುರುತು ಹಿಡಿದಳು. ನೀರಿಗಿಳಿದ ಮೋಡಗಳನ್ನು ಮಾತ್ರ ತನಗೆ ಯಾಕೆ ಹೇಳಿರಲಿಲ್ಲ ಎಂದು ಜಗಳ ತೆಗೆದಳು. ದೋಣಿಯಲ್ಲಿ ಕೂತಿದ್ದವನ ಟೋಪಿಯನ್ನು ಚಿತ್ರಕಾರ ಒಂದೇ ಕೆಂಪು ಚುಕ್ಕೆಯಲ್ಲಿ ಮುಗಿಸಿದ್ದ. ಆ ಚುಕ್ಕೆ ಇಲ್ಲದಿದ್ದರೆ ಇಡೀ ಹೊಳೆಗೆ ಚಳಿಯಾಗುತ್ತಿತ್ತು ಎಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ನೋಡಿ ಅವನಿಗೆ ಬಹಳ ದಿನಗಳಾಗಿದ್ದವು.

ಆಮೇಲೆ ಅವಳ ನೋಟ ಕನ್ನಡಿಯ ಕೆಳಗಿನ ಅಂಚಿಗೆ ಇಳಿಯಿತು. ಅಲ್ಲಿ, ದಂಡೆಯ ಹುಲ್ಲಿನ ಮುಂದೆ, ನರೆತ ತಲೆಗಳೆರಡು ಭುಜಕ್ಕೆ ಭುಜ ತಾಗಿಸಿ ಕೂತಿದ್ದವು.

“ಅಂಗಡೀಲೂ ಹೀಗೇ ಕಾಣಿಸ್ತಿತ್ತಾ? ನೀವು, ಹಿಂದೆ ಹೊಳೆ?”

“ಹೂಂ.”

“ಹಾಗಾದ್ರೆ ಇಷ್ಟು ವರ್ಷ,” ಎಂದಳು ಕನ್ನಡಿಯಿಂದ ಕಣ್ಣು ತೆಗೆಯದೆ, “ನನ್ನ ಬಿಟ್ಟು ನೀವೊಬ್ರೇ ಹೋಗಿ ಕೂತು ಬರ್ತಿದ್ರಿ.”