ಹವ್ಯಾಸದ ಕಾಲಂ

"ಬನ್ನಿ, ಇಬ್ಬರೂ ಒಟ್ಟಿಗೆ ನೀರಿಗಿಳಿಯೋಣ," ಎಂದಳು ಈಜು ಕಲಿಸುವ ಹುಡುಗಿ. ಗಡಿಯಾರ ರಿಪೇರಿಯವನು ಈಜುಕೊಳದ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಇಪ್ಪತ್ತಮೂರು ವರ್ಷದ ಹಿಂದೆ ಅವನು ಒಂದು ಆಸ್ಪತ್ರೆಯಲ್ಲಿ ವೀರ್ಯದಾನ ಮಾಡಿದ್ದ. ಅದರಿಂದ ಹುಟ್ಟಿದವಳು ಇವಳು. ಆಸ್ಪತ್ರೆಯವರು ಇಬ್ಬರ ಒಪ್ಪಿಗೆಯನ್ನೂ ಕೇಳಿ ವಿಳಾಸ ಕೊಟ್ಟಿದ್ದರು. ಭೇಟಿಯಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಅವಳ ಮುಖದಲ್ಲಿ ತನ್ನ ಮೂಗನ್ನು ಹುಡುಕಿ, ಸಿಗದೆ, ಅವನು ಆಗಲೇ ಸಪ್ಪಗಾಗಿದ್ದ.

"ನಿಮ್ಮ ಬಗ್ಗೆ ನಮ್ಮ ಹತ್ರ ಇದ್ದಿದ್ದು ಒಂದೇ ಹಾಳೆ," ಎಂದಳು. "ಹವ್ಯಾಸ ಅನ್ನೋ ಕಡೆ 'ಈಜು ಅಂದರೆ ಪ್ರಾಣ' ಅಂತಿತ್ತು. ಅಮ್ಮ ಅದನ್ನ ಮತ್ತೆ ಮತ್ತೆ ಓದಿ ಹೇಳೋರು. ನಾನು ಈಜು ಕಲಿತಿದ್ದೇ ಆ ಸಾಲಿನಿಂದ."

ಅವನಿಗೆ ಆ ಮಧ್ಯಾಹ್ನ ನೆನಪಾಯಿತು. ಆಸ್ಪತ್ರೆಯ ಬೆಂಚು, ಇಂಕು ಕಾರುವ ಪೆನ್ನು, ಪಕ್ಕದಲ್ಲಿ ಎಲ್ಲರೂ 'ಗೂಬೆ' ಎಂದೇ ಕರೆಯುತ್ತಿದ್ದ ರೂಮ್‌ಮೇಟ್. ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಶರ್ಟು. ಅಂದು ಅದನ್ನು ತೊಡುವ ಸರದಿ ಇವನದು.

"ಹವ್ಯಾಸ ಅಂದ್ರೆ ಏನು ಬರೀಲೋ? ನಂಗೆ ನಿದ್ದೆ ಬಿಟ್ರೆ ಏನಿದೆ?"

"ನಿದ್ದೆ ಅಂತ ಬರೆದ್ರೆ ಯಾವ ತಾಯಿ ಒಪ್ತಾಳೋ! ಈಜು ಅಂತ ಹಾಕು. ನಿನ್ನ ನೀರಿಗೆ ತಳ್ಳಿ ನೋಡ್ತಾರಾ?" ಎಂದು ಪೆನ್ನು ಕಸಿದುಕೊಂಡು ಗೂಬೆಯೇ ಬರೆದಿದ್ದ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕು ನರ್ಸಮ್ಮನಿಂದ ಬೈಸಿಕೊಂಡಿದ್ದರು. ಎಂಥ ಹುಡುಗಾಟದ ದಿನಗಳು! ಗೂಬೆ ಈಗಿಲ್ಲ. ಇದ್ದಿದ್ದರೆ ಸುಳ್ಳಿನ ಅರ್ಧವನ್ನಾದರೂ ಅವನ ತಲೆಗೆ ಕಟ್ಟಬಹುದಿತ್ತು.

ಕಾಲುನೋವು ಎಂದು ಜಾರಿಕೊಳ್ಳಲು ಅವಳ ಮುಖ ನೋಡಿ ಮನಸ್ಸು ಬರಲಿಲ್ಲ. ನಿಜ ಹೇಳಿದರೆ ಸಿಕ್ಕ ದಿನವೇ ಇವಳನ್ನು ಕಳೆದುಕೊಳ್ಳುವ ಭಯ. ಆದರೂ ಹೇಳಿದ.

"ನಂಗೆ ಈಜು ಬರಲ್ಲ ಕಣಮ್ಮ. ಅದು ಸುಳ್ಳು. ಬಾವಿ ಬಗ್ಗಿ ನೋಡೋಕೂ ಧೈರ್ಯ ಇಲ್ಲ. ಚಿಕ್ಕಂದಿನಲ್ಲಿ ನೀರು ಕಂಡ್ರೆ ಕಿವಿ ಮುಚ್ಕೊಂಡು ಕಿರುಚ್ತಿದ್ನಂತೆ."

ಹುಡುಗಿ ಒದ್ದೆ ನೆಲದ ಮೇಲೆ ಮೆಲ್ಲನೆ ಕೂತಳು.

"ಕಿವಿ ಮುಚ್ಕೊಂಡಾ?"

"ಹೂಂ."

"ಏಳು ವರ್ಷ ಆಗೋವರೆಗೂ ನಾನೂ ಹಾಗೇ ಕಿರುಚ್ತಿದ್ದೆ," ಎಂದಳು. "ಎಲ್ಲಿಂದ ಬಂತೇ ನಿಂಗೆ ಇದು ಅಂತ ಅಮ್ಮ ಇವತ್ತಿಗೂ ಕೇಳ್ತಾರೆ."