ಅಂಗೈ ಮೇಲಿನ ಬಿಳಿ ಪುಡಿ

ಪೂಜೆಗೆ ಕೂತ ಸದಾಶಿವಯ್ಯನವರು ವಿಭೂತಿ ಗಟ್ಟಿಯನ್ನು ಅಂಗೈ ಮೇಲೆ ತಿಕ್ಕಿ ಪುಡಿ ಉದುರಿಸಿದ್ದೇ ತಡ, ಎದುರಿಗಿದ್ದ ಮಗ ಗುರುಕಿರಣನ ಕಣ್ಣು ಹೋಳಿಗೆಯಷ್ಟು ಅಗಲವಾಯಿತು. ಚಾಮುಂಡಿ ಬೆಟ್ಟದ ನಂದಿಯಾದರೂ ಒಮ್ಮೆ ರೆಪ್ಪೆ ಬಡಿದೀತು, ಇವನು ಬಡಿಯಲಿಲ್ಲ!

ವ್ಯಸನಮುಕ್ತಿ ಕೇಂದ್ರದಿಂದ ಬಂದಾಗಿನಿಂದ ದಿನಾ ಬೆಳಿಗ್ಗೆ ಇದೇ ನೋಟ. ಓದಲೆಂದು ಊರಾಚೆ ಬೋಗಾದಿಯಲ್ಲಿ ಹಿಡಿದಿದ್ದ ರೂಮಿನಲ್ಲಿ, ಪರೀಕ್ಷೆಗೆ ನಿದ್ದೆಗೆಡಲೆಂದು ಯಾವುದೋ ಲ್ಯಾಬಿನಲ್ಲಿ ಮಾಡಿದ ಬಿಳಿ ಪುಡಿಯನ್ನು ಮೂಗಿಗೇರಿಸಿ ಹಾಳಾಗಿದ್ದ ಹುಡುಗನಿಗೆ ಶಿವನೇ ಒಲಿದನೆಂದು ಸದಾಶಿವಯ್ಯ ಇಡೀ ಕೃಷ್ಣಮೂರ್ತಿಪುರಂಗೆ ಡಂಗುರ ಸಾರಿದ್ದರು. ಹಾಲಿನವನನ್ನೂ ಬಿಟ್ಟಿರಲಿಲ್ಲ. "ಹನ್ನೆರಡನೇ ಶತಮಾನದಲ್ಲೂ ಇಂಥ ಭಕ್ತಿ ಇರ್ಲಿಲ್ಲ ಕಣ್ರೀ!"

"ಅಪ್ಪಾ, ಇದು ಭಕ್ತಿ ಅಲ್ಲ," ಎಂದ ಗುರುಕಿರಣ, ಇಡೀ ಮೈಸೂರಿನ ದಣಿವನ್ನು ಒಬ್ಬನೇ ಹೊತ್ತವನ ಹಾಗೆ. "ಬಿಳಿ ಪುಡಿ ಕಂಡ್ರೆ ಸಾಕು, ಮಿದುಳು ಅದೇ ಅನ್ಕೊಂಡ್ಬುಡುತ್ತೆ. ನಾನು ಬಿಟ್ರೂ ಅದು ಇನ್ನೂ ಬಹಳ ದಿನ ಕಾಯ್ತಾನೇ ಇರುತ್ತಂತೆ, ಡಾಕ್ಟ್ರು ಹೇಳಿದ್ರು. ದಿನಾ ಇಲ್ಲಿಂದೆದ್ದು ಬೋಗಾದಿಗೆ ಓಡ್ಬೇಕು ಅನ್ಸುತ್ತೆ."

ಮೂರು ಲೋಕದ ಪ್ರಶ್ನೆಗೂ ಉತ್ತರವಿದ್ದ ಸದಾಶಿವಯ್ಯ ಇನ್ನೊಂದು ಕೈಯಿಂದ ಅಂಗೈ ಮುಚ್ಚಿದರು. "ಮೊದ್ಲೇ ಹೇಳ್ಬಾರ್ದಿತ್ತೇನೋ?"

"ನೀವು ಅಷ್ಟು ಖುಷಿಯಾಗಿದ್ರಿ."

ಸದಾಶಿವಯ್ಯ ಅಂಗೈಗೆ ನೀರು ಸುರಿದು, ಒಂದು ಕಣವೂ ಒಣಗಿ ಉಳಿಯದಂತೆ ಪುಡಿಯನ್ನು ಕಲಸಿದರು. "ಈಗ?"

"ಈಗ್ಲೂ ಸ್ವಲ್ಪ ಹಾಗನ್ಸುತ್ತೆ. ಹಚ್ಚಿ."

ಮೂರು ಬೆರಳು ಮಗನ ಹಣೆಯಂಚಿಗೆ ತಾಗಿದವು. ಚರ್ಮದಡಿ ನಾಡಿ ಬೆದರಿದ ಜಟಕಾ ಕುದುರೆಯಂತೆ ಓಡುತ್ತಿತ್ತು. ಅದು ನಡಿಗೆಗೆ ಇಳಿಯುವ ತನಕ ಅವರು ಬೆರಳನ್ನು ಅಡ್ಡಕ್ಕೆ ಎಳೆಯಲಿಲ್ಲ.