ಕೆಂಪು ಬೆರಳು

ಮೂಲೆಮನೆಯ ಫರ್ಗಸ್‌ನ ಬೆರಳು ಮತ್ತೆ ಕೆಂಪಾಗಿತ್ತು.

ಜಯಶೀಲಾ ಕಿಟಕಿಯ ಪರದೆ ಸರಕ್ಕನೆ ಎಳೆದಳು. ಇವತ್ತು ಅಮಾವಾಸ್ಯೆ. ಮುದುಕ ಏನನ್ನೋ ಕೋಟಿನೊಳಗೆ ಅವಚಿಕೊಂಡು ಒಳಗೆ ಹೋಗಿದ್ದ. ತಿಂಗಳೆಲ್ಲ ತಣ್ಣಗಿರುವ ಅವನ ಚಿಮಣಿಯಲ್ಲಿ ಇನ್ನೇನು ಹೊಗೆ ಏಳುತ್ತದೆ. ಹೋದ ಅಮಾವಾಸ್ಯೆಗೂ ಹೀಗೇ ಆಗಿತ್ತು.

ಅವನು ಮಾಟಗಾರ ಎಂದು ಅವಳು ಸುಮ್ಮನೆ ಅಂದುಕೊಂಡಿರಲಿಲ್ಲ. ಅವನೇ ಬಾಯಿಬಿಟ್ಟಿದ್ದ. ಸ್ಕಾಟ್‌ಲೆಂಡಿನಲ್ಲಿ ತನ್ನ ಪೂರ್ವಿಕನೊಬ್ಬ ಮಾಟ ಮಾಡುತ್ತಾನೆಂದು ಊರವರೇ ಹಿಡಿದುಕೊಟ್ಟು ಸುಡಿಸಿದರಂತೆ. "ಪಾಪ, ಒಂಟಿ ಮನುಷ್ಯ. ಅಷ್ಟೇ ಅವನ ತಪ್ಪು" ಎಂದು ಬಸ್‌ಸ್ಟಾಪಿನಲ್ಲಿ ನಕ್ಕಿದ್ದ. ನಗುವ ಮಾತೇ ಅದು? ಅವಳು ಗೆಳತಿ ಶರ್ಮಿಳಾಗೆ ಹೇಳಿದಳು. ಶರ್ಮಿಳಾ ಬೀದಿಗೆಲ್ಲ ಹೇಳಿದಳು. ಅಲ್ಲಿಗೆ ಮುದುಕನನ್ನು ಮಾತಾಡಿಸುವವರೇ ಇಲ್ಲವಾದರು.

ಐರ್ಲೆಂಡಿನ ಕಿಲ್ಕೆನ್ನಿಯ ಆಸ್ಪತ್ರೆಗೆ ನರ್ಸಾಗಿ ಅವಳೊಬ್ಬಳೇ ಬಂದಿದ್ದಳು. ಗಂಡ ಗುರುದತ್, ಮಗಳು ಸಿಂಚನಾ ಮೈಸೂರಿನಲ್ಲಿ. ಎರಡು ಸಲ ಅರ್ಜಿ ಹಾಕಿದರೂ ಅವರಿಗೆ ವೀಸಾ ಸಿಕ್ಕಿರಲಿಲ್ಲ. ಡ್ಯೂಟಿ ಮುಗಿಸಿ ಬಂದರೆ ಮನೆ ಬಿಕೋ ಎನ್ನುತ್ತಿತ್ತು. ಒಂದೇ ತಟ್ಟೆ ಹಾಕಿಕೊಂಡು ಕೂತಾಗ ಅಳು ಬರುತ್ತಿತ್ತು.

"ಯಾರದೋ ಕಣ್ಣು ಬಿದ್ದಿದೆ ಕಣೆ. ದೃಷ್ಟಿ ತೆಗೀತಿದ್ದೀಯ ತಾನೆ?" ಫೋನಿನಲ್ಲಿ ಅಮ್ಮ ಕೇಳಿದಳು.

"ಪ್ರತಿ ಅಮಾವಾಸ್ಯೆ ತೆಗೀತೀನಮ್ಮ. ಇಲ್ಲಿ ರಸ್ತೇಲಿ ಒಡೆದ್ರೆ ಬೈತಾರೆ. ಹಂಗೇ ಇಟ್ಟು ಬರ್ತೀನಿ."

"ಮೂರು ದಾರಿ ಸೇರೋ ಕಡೆ ಇಡ್ಬೇಕು. ತಿರುಗಿ ನೋಡ್ಬಾರ್ದು."

"ನೋಡಲ್ಲಮ್ಮ."

ಸಂಜೆ ಬಾಗಿಲು ಬಡಿದ ಸದ್ದಾಯಿತು. ಫರ್ಗಸ್ ಮುಚ್ಚಿದ ಬಟ್ಟಲೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಚೈನು ತೆಗೆಯದೆ ಇಣುಕಿದಳು.

"ಹೆದರಬೇಡಮ್ಮ. ಯಾರು ಅಂತ ಇವತ್ತು ಬೆಳಿಗ್ಗೆ ಕಾದು ನೋಡಿದೆ. ನೀನೇ! ನನ್ನ ಗೋಡೆ ಹತ್ರ ಇಟ್ಟು, ತಿರುಗಿ ಕೂಡ ನೋಡದೆ ಓಡಿದೆ. ಎಷ್ಟು ಸಂಕೋಚ ನಿನಗೆ! ಹೆಂಡತಿ ಹೋದ ಮೇಲೆ ನನಗೆ ಅಂತ ಯಾರೂ ಏನೂ ತಂದಿಟ್ಟಿಲ್ಲ. ನೀನು ತಂದ ದಿನ ಮಾತ್ರ ನನ್ನ ಒಲೆ ಉರಿಯುತ್ತೆ. ಆ ಕೆಂಪು ಪುಡಿ ಮಾತ್ರ ಬೆರಳಿಂದ ಹೋಗಲ್ಲ, ಅಷ್ಟೇ. ಮಿಕ್ಕಿದ್ದೆಲ್ಲ ಗ್ರ್ಯಾಂಡ್. ಇವತ್ತು ಇಬ್ಬರೂ ಕೂತು ತಿನ್ನೋಣವಾ?"

ಅವನು ಮುಚ್ಚಳ ತೆಗೆದ. ಬೆಳಿಗ್ಗೆ ಅವಳೇ ನಿವಾಳಿಸಿ, ಕುಂಕುಮ ಹಚ್ಚಿ ಇಟ್ಟುಬಂದಿದ್ದ ಕುಂಬಳಕಾಯಿ ಬಿಸಿಬಿಸಿ ಸೂಪಾಗಿ ಹಬೆಯಾಡುತ್ತಿತ್ತು.